ಓವನ್ ಕಾವು ಒಂದೇ ಸಮ ನಿಲ್ತಾ ಇಲ್ಲ: 180 ಇಟ್ಟರೆ ಒಮ್ಮೆ 205, ಒಮ್ಮೆ 130

ಮನೆಬ್ರೆಡ್

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನನ್ನ ಓವನ್ ಜೊತೆ ಒದ್ದಾಡುತ್ತಿದ್ದೇನೆ. ಅಡುಗೆಮನೆ ಕಪಾಟಿನೊಳಗೆ ಕೂರಿಸಿರುವ ಕರೆಂಟ್ ಓವನ್, ಏಳು ವರ್ಷ ಹಳೆಯದು. ಮೇಲೊಂದು ಕಾಯಿಲ್, ಕೆಳಗೊಂದು ಕಾಯಿಲ್, ಹಿಂದೆ ಫ್ಯಾನ್. ಎಷ್ಟು ಡಿಗ್ರಿ ಬೇಕೋ ಅದನ್ನು ಡಿಸ್‌ಪ್ಲೇಯಲ್ಲಿ ಅಂಕಿಯಲ್ಲೇ ಇಡಬಹುದು.

ಮೊದಲು ಯಾವ ತೊಂದರೆಯೂ ಇರಲಿಲ್ಲ. ಈಗ ಕೇಕ್ ಚೆನ್ನಾಗಿ ಉಬ್ಬುತ್ತದೆ, ಆಮೇಲೆ ನಡುವೆ ಕುಸಿದು ಹಸಿಹಸಿಯಾಗಿ ಉಳಿಯುತ್ತದೆ. ಬ್ರೆಡ್ ಮೇಲೆ ಕಂದು ಬಣ್ಣ ಬಂದಿರುತ್ತದೆ, ಕೊಯ್ದರೆ ಒಳಗೆ ಅಂಟಂಟು. ಬಿಸ್ಕತ್ತು ಮಾತ್ರ ಮೊದಲಿನ ಹಾಗೇ ಬರುತ್ತಿದೆ. ಡಯಲ್ ಇರುವ ಓವನ್ ಥರ್ಮಾಮೀಟರ್ ತಂದು ಒಳಗೆ ತೂಗುಹಾಕಿದೆ. 180 ಇಟ್ಟು ಆಗಾಗ ಬಾಗಿಲು ತೆರೆದು ನೋಡಿದರೆ ಒಮ್ಮೆ 205, ಒಮ್ಮೆ 160, ಒಮ್ಮೆ 130!

ಗೆಳತಿಯೊಬ್ಬಳು ಥರ್ಮೋಸ್ಟಾಟ್ (ಕಾವು ಹಿಡಿತದಲ್ಲಿಡುವ ಭಾಗ) ಹೋಗಿದೆ ಅಂದಳು. ರಿಪೇರಿಯವರು ಫೋನಿನಲ್ಲೇ ಕೇಳಿ, ಓವನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಪೂರ್ತಿ ಬದಲಿಸಬೇಕು ಅಂದರು. ಏನು ಮಾಡಲಿ? ದುಡ್ಡು ಹಾಕುವ ಮೊದಲು ತಿಳಿದವರ ಮಾತು ಕೇಳೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹಿಟ್ಟುಕೈ

ಅಕ್ಕಾ, ಮೊದಲು ಬಾಗಿಲು ತೆರೆದು ನೋಡುವುದನ್ನು ನಿಲ್ಲಿಸಿ. ಬಾಗಿಲು ತೆರೆದ ಕೂಡಲೇ ಬಿಸಿ ಗಾಳಿ ಹೊರಗೆ ನುಗ್ಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಒಳಗಿನ ಗಾಳಿ ಹತ್ತಾರು ಡಿಗ್ರಿ ಇಳಿದುಬಿಡುತ್ತದೆ. ಅದನ್ನು ಸರಿ ಮಾಡಲು ಕಾಯಿಲ್ ಜೋರಾಗಿ ಉರಿದು, ಮತ್ತೆ ಮಿತಿ ದಾಟುತ್ತದೆ. ಹೀಗಾಗಿ ನೀವು ಬರೆದ ಮೂರು ಅಂಕಿಗಳಲ್ಲಿ ಓವನ್ನಿನ ತಪ್ಪು ಎಷ್ಟು, ಬಾಗಿಲಿನ ತಪ್ಪು ಎಷ್ಟು ಅಂತ ಹೇಳಲು ಬರುವುದಿಲ್ಲ. ಥರ್ಮಾಮೀಟರನ್ನು ನಡುವಿನ ತಂತಿತಟ್ಟೆಯ ಮಧ್ಯದಲ್ಲಿ, ಗಾಜಿನ ಕಡೆ ಮುಖ ಮಾಡಿ ಇಡಿ. ಒಳಗಿನ ದೀಪ ಹಾಕಿ ಹೊರಗಿನಿಂದಲೇ ಓದಿ.

ಇನ್ನೊಂದು ಮಾತು. ಓವನ್ ಬೀಪ್ ಮಾಡಿದರೆ ಕಾದಿದೆ ಎಂದು ನಂಬಬೇಡಿ. ಆಗ ಕಾದಿರುವುದು ಕಾವು ಅಳೆಯುವ ಸೆನ್ಸರ್ ಸುತ್ತಲಿನ ಗಾಳಿ ಅಷ್ಟೇ. ಗೋಡೆ, ತಳ, ತಟ್ಟೆ ಎಲ್ಲವೂ ಕಾಯಬೇಕು. ಬೀಪ್ ಆದ ಮೇಲೆ ನಾನು 15ರಿಂದ 20 ನಿಮಿಷ ಬಿಟ್ಟೇ ಹಿಟ್ಟು ಒಳಗಿಡುವುದು.

ತಾಮ್ರತಂತಿ

ಹತ್ತಾರು ವರ್ಷ ಓವನ್, ವಾಷಿಂಗ್ ಮಷೀನ್ ರಿಪೇರಿ ಮಾಡಿಕೊಂಡು ಬಂದವನು ನಾನು. ಫೋನಿನಲ್ಲಿ ಕೇಳಿ ಬೋರ್ಡ್ ಬದಲಿಸಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಳತೆ ಮಾಡದೆ ಪಾರ್ಟ್ ಬದಲಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಓವನ್ ಒಳಗಿನ ಕಾವು ಗೆರೆ ಎಳೆದ ಹಾಗೆ 180ರಲ್ಲೇ ನಿಲ್ಲುವುದಿಲ್ಲ, ಹೊಸ ಓವನ್ನಿನಲ್ಲೂ ನಿಲ್ಲುವುದಿಲ್ಲ. ಕಾಯಿಲ್ಲಿಗೆ ಸಾಮಾನ್ಯವಾಗಿ ಎರಡೇ ಸ್ಥಿತಿ: ಪೂರ್ತಿ ಆನ್, ಪೂರ್ತಿ ಆಫ್. ಕಾವು ಸ್ವಲ್ಪ ಇಳಿದ ಮೇಲೆ ಆನ್ ಆಗುತ್ತದೆ, ಸ್ವಲ್ಪ ಮೇಲೆ ಹೋದ ಮೇಲೆ ಆಫ್ ಆಗುತ್ತದೆ. ಆಫ್ ಆದರೂ ಕೆಂಪಗೆ ಕಾದ ಕಾಯಿಲ್ ಒಂದಷ್ಟು ಹೊತ್ತು ಶಾಖ ಬಿಡುತ್ತಲೇ ಇರುತ್ತದೆ. ಆದ್ದರಿಂದ ಗರಗಸದ ಹಲ್ಲಿನ ಹಾಗೆ ಏರಿಳಿತ ಇದ್ದೇ ಇರುತ್ತದೆ. ಇಟ್ಟ ಅಂಕಿಗಿಂತ 10-15 ಡಿಗ್ರಿ ಮೇಲೆ ಕೆಳಗೆ ಆಡಿದರೆ ಅದು ಕಾಯಿಲೆಯಲ್ಲ. ತಿರುಗಿಸುವ ನಾಬ್ ಇರುವ ಹಳೆಯ ಓವನ್‌ಗಳಲ್ಲಿ 20ರವರೆಗೂ ಆಡುತ್ತದೆ. ನೋಡಬೇಕಾದ್ದು ಎರಡು: ಆ ಆಟದ ಸರಾಸರಿ 180ರ ಹತ್ತಿರ ಇದೆಯಾ? ಹಲ್ಲುಗಳು ಒಂದೇ ಥರ ಇವೆಯಾ?

ಒಂದು ಕೆಲಸ ಮಾಡಿ. ಖಾಲಿ ಓವನ್, ಮೇಲೆ-ಕೆಳಗೆ ಕಾಯಿಲ್ ಮೋಡ್, 180. ಬೀಪ್ ಆಗಿ 20 ನಿಮಿಷ ಕಳೆದ ಮೇಲೆ ಎರಡೆರಡು ನಿಮಿಷಕ್ಕೆ ಒಂದು ಸಲ ಬರೆಯುತ್ತಾ ಹೋಗಿ. ಒಂದು ಗಂಟೆಯಾದರೂ ಬರೆಯಿರಿ, ನಡುವೆ ಬಿಡಬೇಡಿ. ಬಿಸಿಯಾಗುತ್ತಿದೆ ಎಂದು ತೋರಿಸುವ ದೀಪವೋ ಚಿಹ್ನೆಯೋ ಇರುತ್ತದಲ್ವಾ? ಅದು ಆಗ ಉರಿಯುತ್ತಿದೆಯೋ ಇಲ್ಲವೋ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಇದು ಬಹಳ ಮುಖ್ಯ.

ಅಳತೆಪಟ್ಟಿ

ಥರ್ಮಾಮೀಟರ್ ಸರಿಯಿದೆಯೇ ಅಂತ ಮೊದಲು ನೋಡಿಕೊಳ್ಳಿ. ಡಯಲ್ ಥರ್ಮಾಮೀಟರಿನೊಳಗೆ ಎರಡು ಲೋಹದ ಪಟ್ಟಿಯ ಸುರುಳಿ ಇರುತ್ತದೆ, ಅದು ನಿಧಾನಿ. ನಿಜವಾದ ಕಾವು ಬದಲಾಗಿ ಕೆಲವು ನಿಮಿಷ ಆದ ಮೇಲೆ ಮುಳ್ಳು ಅಲ್ಲಿಗೆ ಬರುತ್ತದೆ. ತಂತಿ ಇರುವ ಡಿಜಿಟಲ್ ಪ್ರೋಬ್ ಸಿಕ್ಕರೆ ಒಳ್ಳೆಯದು. ಪ್ರೋಬ್ ಆದರೆ ಪುಡಿ ಮಾಡಿದ ಐಸ್ ತುಂಬಿ ಸ್ವಲ್ಪ ನೀರು ಹಾಕಿದ ಲೋಟದಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕು. ಎತ್ತರದ ಜಾಗದಲ್ಲಿ ಇರುವವರಿಗೆ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆ, ಅದನ್ನು ಕಳೆದುಕೊಳ್ಳಿ.

ನೀರಿಗೆ ಹಾಕಲಾಗದ ಡಯಲ್ ಆದರೆ ಸಕ್ಕರೆ ಪರೀಕ್ಷೆ ಇದೆ. ಸಕ್ಕರೆ ಕರಗುವುದು 186 ಡಿಗ್ರಿಯಲ್ಲಿ. ಫಾಯಿಲ್ ಮೇಲೆ ಒಂದು ಚಮಚ ಹರಡಿ, ಚೆನ್ನಾಗಿ ಕಾದ ಓವನ್ನಿನಲ್ಲಿ 175ಕ್ಕೆ 15 ನಿಮಿಷ ಇಡಿ. ಹರಳು ಹರಳಾಗೇ ಉಳಿಯಬೇಕು. ಬೇರೆ ಸಕ್ಕರೆ ಹಾಕಿ 190ಕ್ಕೆ 15 ನಿಮಿಷ ಇಟ್ಟರೆ ಕರಗಬೇಕು. ಏರಿಳಿತ ಜಾಸ್ತಿ ಇದ್ದರೆ ಇದು ದಾರಿ ತಪ್ಪಿಸಬಹುದು. ಆದರೂ 30 ಡಿಗ್ರಿ ತಪ್ಪಿರುವ ಓವನ್ ಇದರಲ್ಲಿ ಸಿಕ್ಕಿಬೀಳುತ್ತದೆ.

ಗನ್ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್ ಮಾತ್ರ ಬೇಡ. ಅದು ಗಾಳಿಯ ಕಾವು ಅಳೆಯುವುದಿಲ್ಲ, ಎದುರಿಗಿರುವ ಮೈಯ ಕಾವು ಅಳೆಯುತ್ತದೆ. ಹೊಳೆಯುವ ಸ್ಟೀಲ್ ಮೇಲೆ ಬಿಟ್ಟರೆ ಅದು ಹೇಳುವುದೆಲ್ಲ ತಪ್ಪು.

ಪುಟ್ಟಓಟಿಜಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನದು ಮೇಜಿನ ಮೇಲಿಡುವ ಚಿಕ್ಕ ಓಟಿಜಿ (ಓವನ್-ಟೋಸ್ಟರ್-ಗ್ರಿಲ್), ನಾಬ್ ತಿರುಗಿಸುವಂಥದ್ದು. ಮೊದಲು 180ಕ್ಕೆ ಇಟ್ಟರೆ ಸರಿಯಾಗಿತ್ತು. ಒಂದು ದಿನ ಒಳಗೆಲ್ಲ ಉಜ್ಜಿ ತೊಳೆದೆ. ಅವತ್ತಿನಿಂದ ಎಲ್ಲ ಬೇಗ ಬೇಗ ಆಫ್ ಆಗುತ್ತಿದೆ, ಏನೂ ಬೇಯುತ್ತಿಲ್ಲ. ಇದಕ್ಕೂ ಬೋರ್ಡ್ ಇರುತ್ತದಾ?

ತಾಮ್ರತಂತಿ

@ಪುಟ್ಟಓಟಿಜಿ, ಬೋರ್ಡ್ ಇಲ್ಲ. ನಾಬ್ ಇರುವ ಓವನ್‌ಗಳಲ್ಲಿ ಎರಡು ಥರ ಇರುತ್ತದೆ. ಕೆಲವು ಚಿಕ್ಕವುಗಳಲ್ಲಿ ನಾಬ್ ಹಿಂದೆಯೇ ಲೋಹದ ಪಟ್ಟಿ ಇರುತ್ತದೆ. ಕೆಲವುಗಳಲ್ಲಿ ಓವನ್ ಒಳಗೆ ಪೆನ್ಸಿಲ್ ದಪ್ಪದ ತಾಮ್ರದ ಅಥವಾ ಸ್ಟೀಲಿನ ಕಡ್ಡಿ ಇರುತ್ತದೆ. ಅದರೊಳಗೆ ಎಣ್ಣೆಯಂಥ ದ್ರವ. ಕಾವಿಗೆ ದ್ರವ ಹಿಗ್ಗಿ, ಕೂದಲಿನಂಥ ಸಣ್ಣ ಕೊಳವೆಯಲ್ಲಿ ಹೋಗಿ, ನಾಬ್ ಹಿಂದಿನ ಬಿಲ್ಲೆಯನ್ನು ಒತ್ತಿ, ಕಾಂಟ್ಯಾಕ್ಟ್ ಬಿಡಿಸುತ್ತದೆ. ಉಜ್ಜುವಾಗ ಈ ಕಡ್ಡಿ ಕ್ಲಿಪ್‌ನಿಂದ ಕಳಚಿ ಬಿದ್ದಿರಬಹುದು. ಕಾಯಿಲ್ಲಿನ ಹತ್ತಿರ ಹೋಗಿದ್ದರೆ ಬೇಗ ಆಫ್ ಮಾಡಿಸುತ್ತದೆ. ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಾಕಿ ನೋಡಿ. ಕ್ಲಿಪ್ಪಿಗೆ ವಾಪಸ್ ಕೂರಿಸಿ, ಗೋಡೆಗೆ ತಾಗದಿರಲಿ. ಆ ಸಣ್ಣ ಕೊಳವೆಯನ್ನು ಮಾತ್ರ ಮಡಚಬೇಡಿ. ಮಡಿಕೆ ಬಿದ್ದರೆ ಅಥವಾ ದ್ರವ ಸೋರಿದರೆ ಥರ್ಮೋಸ್ಟಾಟ್ ಹೊಸದೇ ಬೇಕು.

ಪುಟ್ಟಓಟಿಜಿ

ಕಡ್ಡಿ ಕೆಳಗೆ ಬಿದ್ದು ಕಾಯಿಲ್ ಪಕ್ಕದಲ್ಲೇ ಇತ್ತು ಸರ್! ಕ್ಲಿಪ್ಪಿಗೆ ಹಾಕಿದೆ. ಈಗ 175ರಿಂದ 190ರ ನಡುವೆ ಆಡುತ್ತಿದೆ. ತುಂಬಾ ಥ್ಯಾಂಕ್ಸ್.

ಮನೆಬ್ರೆಡ್

ಬರೆದುಕೊಂಡು ಬಂದಿದ್ದೇನೆ. ಪ್ರೋಬ್ ಥರ್ಮಾಮೀಟರನ್ನೇ ಸಾಲ ತಂದೆ. ಐಸಿನಲ್ಲಿ 0, ಕುದಿಯುವ ನೀರಿನಲ್ಲಿ 99. ಅಂದರೆ ಅದನ್ನು ನಂಬಬಹುದು.

ತಳದಲ್ಲಿ ಫಾಯಿಲ್ ಹಾಸಿದ್ದೆ, ಅದನ್ನು ತೆಗೆದೆ. ಬೀಪ್ ಆಗಿ 20 ನಿಮಿಷ ಬಿಟ್ಟು ಶುರು ಮಾಡಿದೆ. 191, 184, 176, 168, 179, 192. ಮತ್ತೆ 185, 177, 169. ಹೀಗೇ ಮೂರು ಸುತ್ತು ಆಯಿತು. ನನಗೇ ಆಶ್ಚರ್ಯ, ಎಲ್ಲ ಸರಿಯಾಗೇ ಇದೆಯಲ್ಲ! ಏಳಬೇಕು ಅಂದುಕೊಂಡೆ. ಆದರೆ ನೀವು ಒಂದು ಗಂಟೆ ಬರೆಯಿರಿ ಅಂದಿದ್ದಿರಿ, ಅದಕ್ಕೆ ಕೂತೆ.

ಬರೆಯಲು ಶುರು ಮಾಡಿ 26ನೇ ನಿಮಿಷಕ್ಕೆ 169. ಮೇಲೆ ಏರಬೇಕಿತ್ತು, ಏರಲಿಲ್ಲ. 162, 155, 149, 143, 138. ಹೀಗೆ ಇಳಿದು ಇಳಿದು 127ಕ್ಕೆ ಬಂತು. ಆಮೇಲೆ ತಾನಾಗೇ ಏರಲು ಶುರುವಾಗಿ 190ರ ಹತ್ತಿರ ಹೋಯಿತು. ಒಂದೇ ಒಂದು ಸುತ್ತು ಸರಿಯಾಗಿ ಆಡಿ, ಮತ್ತೆ ಇಳಿಯಿತು.

ಚಿಹ್ನೆಯದ್ದು ಹೇಳಬೇಕು. ಇಳಿಯುತ್ತಿದ್ದಷ್ಟು ಹೊತ್ತೂ ಬಿಸಿಯಾಗುತ್ತಿದೆ ಎನ್ನುವ ಚಿಹ್ನೆ ಉರಿಯುತ್ತಲೇ ಇತ್ತು. ಒಂದು ಸಲವೂ ಆರಲಿಲ್ಲ.

ತಾಮ್ರತಂತಿ

ಅಕ್ಕಾ, ನೀವು ಎದ್ದು ಹೋಗದೆ ಕೂತಿದ್ದಕ್ಕೆ ಅರ್ಧ ಕೆಲಸ ಮುಗಿಯಿತು.

ಆ ಚಿಹ್ನೆ ಏನು ಹೇಳುತ್ತಿದೆ ನೋಡಿ. ಬೋರ್ಡಿಗೆ ಕಾವು ಇಳಿದಿರುವುದು ಗೊತ್ತಾಗಿದೆ. ಅಂದರೆ ಸೆನ್ಸರ್ ನಿಜ ಹೇಳುತ್ತಿದೆ, ಬೋರ್ಡ್ ಅದನ್ನು ಕೇಳಿಸಿಕೊಂಡು "ಕಾಯಿಸು" ಎನ್ನುತ್ತಿದೆ. ಆದರೂ ಕಾಯುತ್ತಿಲ್ಲ. ಹಾಗಾದರೆ ತೊಂದರೆ ಇರುವುದು ಆ ಮಾತು ಮತ್ತು ಕಾಯಿಲ್ಲಿನ ನಡುವೆ. ಸೆನ್ಸರ್ ಕೆಟ್ಟಿದ್ದರೆ ಇದರ ಉಲ್ಟಾ ಆಗುತ್ತಿತ್ತು. ಒಳಗೆ 130 ಇದ್ದಾಗಲೂ ಓವನ್ 180 ಇದೆ ಎಂದುಕೊಂಡು ಚಿಹ್ನೆ ಆರಿಸಿ ಸುಮ್ನೆ ಕೂತಿರುತ್ತಿತ್ತು.

ನಡುವೆ ಏನೇನಿದೆ? ಬೋರ್ಡಿನ ಮೇಲಿರುವ ರಿಲೇ, ಅಂದರೆ ಬೋರ್ಡ್ ಹೇಳಿದಾಗ ಕಾಯಿಲ್ಲಿಗೆ ಕರೆಂಟ್ ಬಿಡುವ ಸ್ವಿಚ್. ತಂತಿಗಳ ತುದಿಯ ಕನೆಕ್ಟರ್. ಕಾಯಿಲ್. ಮತ್ತೆ ಒಂದು ಸೇಫ್ಟಿ ಕಟ್‌ಔಟ್. ಈ ಕಟ್‌ಔಟ್ ಬಗ್ಗೆ ಜಾಸ್ತಿ ಜನರಿಗೆ ಗೊತ್ತಿರುವುದಿಲ್ಲ. ಓವನ್ನಿನ ಹೊರಮೈ, ಅಂದರೆ ಕಪಾಟಿನ ಕಡೆಯ ಭಾಗ, ಅತಿಯಾಗಿ ಕಾದರೆ ಅದು ಕಾಯಿಲ್ಲಿನ ಕರೆಂಟ್ ಕಡಿಯುತ್ತದೆ. ಕೆಲವು ಒಂದು ಸಲ ಬಿದ್ದರೆ ಕೈಯಿಂದ ಒತ್ತುವವರೆಗೂ ಹಾಗೇ ಇರುತ್ತವೆ. ಇನ್ನು ಕೆಲವು ತಣ್ಣಗಾದ ಮೇಲೆ ತಾವಾಗೇ ಕೂಡಿಕೊಳ್ಳುತ್ತವೆ.

ಒಂದು ಪ್ರಶ್ನೆ. ಬಾಗಿಲಿನ ಮೇಲೆ, ನಾಬ್‌ಗಳ ಕೆಳಗೆ, ಒಂದು ಸೀಳು ಇರುತ್ತದೆ. ಓವನ್ ಅರ್ಧ ಗಂಟೆ ಓಡಿದ ಮೇಲೆ ಅಲ್ಲಿ ಕೈ ಹಿಡಿದರೆ ಗಾಳಿ ಬರುತ್ತದಾ?

ಹಿಟ್ಟುಕೈ

ಈಗ ಬಿಸ್ಕತ್ತಿನ ಗುಟ್ಟು ತಿಳಿಯಿತು! ಬಿಸ್ಕತ್ತು 12 ನಿಮಿಷದಲ್ಲಿ ಆಗಿಹೋಗುತ್ತದೆ. ಕೇಕಿಗೆ 40-45 ನಿಮಿಷ ಬೇಕು. ಕಾವು ಬೀಳುವ ಹೊತ್ತಿಗೆ ಬಿಸ್ಕತ್ತು ಹೊರಗೆ, ಕೇಕ್ ಒಳಗೆ. ಕೇಕ್ ಉಬ್ಬಿ, ಒಳಗಿನ ಗುಳ್ಳೆಗಳು ಇನ್ನೂ ಗಟ್ಟಿಯಾಗದ ಹೊತ್ತಲ್ಲಿ ಕಾವು ಹೋದರೆ ಅದು ಕೂರುವುದು ಸಹಜ. ಈ ಬರೆದುಕೊಂಡ ಅಂಕಿಗಳಿಲ್ಲದಿದ್ದರೆ ನಾನು ಹಿಟ್ಟಿನ ಹದವನ್ನೇ ಬಯ್ಯುತ್ತಿದ್ದೆ.

ಮನೆಬ್ರೆಡ್

ಇವತ್ತು ನೋಡಿದೆ. ಗಾಳಿ ಬರುತ್ತಿಲ್ಲ. ಒಂದು ಥರದ ಗುಂಯ್ ಸದ್ದು ಮಾತ್ರ ಕೇಳಿಸುತ್ತದೆ. ನಾಬ್‌ಗಳ ಪಟ್ಟಿ ಮುಟ್ಟಲಾಗದಷ್ಟು ಬಿಸಿ. ಪಕ್ಕದ ಡ್ರಾಯರ್ ತೆಗೆದರೆ ಅದರೊಳಗೂ ಝಳ. ಮೊದಲು ಬೇಯಿಸಿ ಆರಿಸಿದ ಮೇಲೂ ಸ್ವಲ್ಪ ಹೊತ್ತು ಫ್ಯಾನ್ ಸದ್ದು ಇರುತ್ತಿತ್ತು, ಈಗ ನೆನಪಾಗುತ್ತಿದೆ. ಅದು ಯಾವಾಗ ನಿಂತಿತು ಅಂತ ಗಮನಿಸಿಲ್ಲ.

ಆದರೆ ಒಳಗಿನ ಫ್ಯಾನ್ ಚೆನ್ನಾಗಿ ತಿರುಗುತ್ತಿದೆ ಸರ್. ಅದು ಬೇರೆ, ಇದು ಬೇರೆಯಾ?

ತಾಮ್ರತಂತಿ

ಬೇರೆ ಬೇರೆ. ಒಳಗಿನದು ಬಿಸಿ ಗಾಳಿಯನ್ನು ಅಡುಗೆಯ ಸುತ್ತ ತಿರುಗಿಸುವುದು. ಇನ್ನೊಂದು ಓವನ್ನಿನ ತಲೆ ಮೇಲೆ, ಹೊರಗೆ ಇರುತ್ತದೆ. ಅದು ಬೋರ್ಡನ್ನೂ ಕಪಾಟನ್ನೂ ತಂಪಾಗಿಡಲು. ಓವನ್ ಆರಿಸಿದ ಮೇಲೂ ಓಡುವುದು ಅದೇ. ನಿಮ್ಮಲ್ಲಿ ಅದು ನಿಂತಿದೆ. ಹೊರಮೈ ಕಾಯುತ್ತದೆ, ಕಟ್‌ಔಟ್ ಕರೆಂಟ್ ಕಡಿಯುತ್ತದೆ, ಕಾವು ಇಳಿಯುತ್ತದೆ. ತಣ್ಣಗಾದ ಮೇಲೆ ಕಟ್‌ಔಟ್ ಕೂಡಿಕೊಳ್ಳುತ್ತದೆ, ಕಾವು ಏರುತ್ತದೆ. ಎರಡನೇ ಸಲ ಬೇಗ ಬಿದ್ದದ್ದು ಯಾಕೆ? ಹೊರಮೈ ಆಗಲೇ ಕಾದು ಕೂತಿತ್ತು.

ಇದು ನನ್ನ ಅಂದಾಜು. ನೂರಕ್ಕೆ 90 ಪಾಲು ಇದೇ ಅನ್ನಿಸುತ್ತದೆ. ಆದರೂ ಕೈ ಹಾಕುವ ಮೊದಲು ಉಳಿದದ್ದನ್ನು ಅಳೆದು ಬಿಡೋಣ. ಅಲ್ಲಿಯವರೆಗೆ ಓವನ್ ಬಳಸಬೇಡಿ. ಕಟ್‌ಔಟ್ ದಿನಾ ಬಿದ್ದು ಏಳುವುದು ಅದರ ಕೆಲಸವಲ್ಲ. ಅದು ಒಂದು ದಿನ ಬೀಳದೇ ಹೋದರೆ ಬೋರ್ಡ್ ಸುಡುತ್ತದೆ, ಕಪಾಟಿಗೂ ಅಪಾಯ.

ಹೊಸಒಲೆ

ಕರೆಂಟ್ ಕಡಿಮೆ ಬರುತ್ತಿದ್ದರೂ ಹೀಗಾಗುತ್ತದಲ್ವಾ? ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿದರೆ ಎಲ್ಲ ನಿಧಾನ.

ಅಳತೆಪಟ್ಟಿ

ಒಳ್ಳೆಯ ಪ್ರಶ್ನೆ, ಲೆಕ್ಕ ಹಾಕಿ ನೋಡೋಣ. ಕಾಯಿಲ್ಲಿನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದ ಕಡೆ 200 ಬಂದರೆ ಶಾಖ ನೂರಕ್ಕೆ ಸುಮಾರು 76 ಪಾಲಿಗೆ ಇಳಿಯುತ್ತದೆ. ವೋಲ್ಟೇಜ್ ಕಡಿಮೆಯಾದದ್ದು 13 ಪಾಲು, ಶಾಖ ಕಡಿಮೆಯಾದದ್ದು 24 ಪಾಲು! ಅದಕ್ಕೇ ಓವನ್ ಕಾಯಲು ತುಂಬಾ ಹೊತ್ತು ಹಿಡಿಯುತ್ತದೆ.

ಆದರೆ ಒಮ್ಮೆ ಕಾದ ಮೇಲೆ 180ರಲ್ಲಿ ಇರಿಸಲು ಪೂರ್ತಿ ಶಾಖ ಬೇಕಾಗುವುದಿಲ್ಲ. ಮನೆಬ್ರೆಡ್ ಅವರ ಅಂಕಿಗಳನ್ನೇ ನೋಡಿ. ಒಂದು ಸುತ್ತಿನಲ್ಲಿ ಇಳಿಯಲು ಆರು ನಿಮಿಷ, ಏರಲು ನಾಲ್ಕು ನಿಮಿಷ. ಅಂದರೆ ಕಾಯಿಲ್ ಅರ್ಧಕ್ಕಿಂತ ಜಾಸ್ತಿ ಹೊತ್ತು ಆಫ್. ವೋಲ್ಟೇಜ್ ಕಡಿಮೆಯಾದರೆ ಕಾಯಿಲ್ ಇನ್ನಷ್ಟು ಹೊತ್ತು ಆನ್ ಇದ್ದು ಸರಿದೂಗಿಸುತ್ತದೆ. 127ಕ್ಕೆ ಬೀಳುವುದಿಲ್ಲ. ಅವರಲ್ಲಿ ಇಳಿದದ್ದು ಬಾಗಿಲು ಮುಚ್ಚಿ ಆರಿಸಿಟ್ಟ ಓವನ್ ತಣ್ಣಗಾಗುವ ಥರದಲ್ಲಿ: ಮೊದಲು ಏಳು, ಆಮೇಲೆ ಆರು, ಆಮೇಲೆ ಐದು ಡಿಗ್ರಿ. ಶಾಖ ಕಡಿಮೆ ಬಂದದ್ದಲ್ಲ, ಬಂದೇ ಇಲ್ಲ.

ವೋಲ್ಟೇಜಿಗಿಂತ ನನಗೆ ಹೆದರಿಕೆ ಎಕ್ಸ್‌ಟೆನ್ಷನ್ ವೈರ್ ಬಗ್ಗೆ. 2,000 ವಾಟಿನ ಓವನ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ತೆಳು ವೈರಿನಲ್ಲಿ ಅಷ್ಟು ಹರಿದರೆ ವೈರೇ ಕಾಯುತ್ತದೆ. ಓವನ್ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ಅವತ್ತೇ ಬದಲಿಸಿ.

ತಾಮ್ರತಂತಿ

ಸರಿಯಾಗಿ ಹೇಳಿದಿರಿ. ಈಗ ಮನೆಬ್ರೆಡ್ ಅಕ್ಕನ ಅಳತೆಗೆ ಬರೋಣ. ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರು ಜೊತೆಗಿದ್ದರೆ ಮಾತ್ರ ಮಾಡಿ. ಓವನ್ನಿಗೆ ಹೋಗುವ ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಇದ್ದರೆ ಕೀಳಿ. ತಣ್ಣಗಾಗಲಿ. ಓವನ್ ಭಾರ ಇರುತ್ತದೆ, ಕಪಾಟಿನಿಂದ ಇಬ್ಬರು ಹಿಡಿದು ಈಚೆಗೆ ಎಳೆಯಬೇಕು. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಮೈಕ್ರೊವೇವ್ ಸೇರಿರುವ ಓವನ್ ಆದರೆ ಮುಚ್ಚಳ ಬಿಚ್ಚಲೇಬೇಡಿ. ಅದರೊಳಗಿನ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ಕರೆಂಟ್ ಇಟ್ಟುಕೊಂಡಿರುತ್ತದೆ.

ಸೆನ್ಸರ್ ತೆಳು ಸ್ಟೀಲ್ ಕಡ್ಡಿ, ಎರಡು ತಂತಿ. ಬಹಳಷ್ಟು ಡಿಜಿಟಲ್ ಓವನ್‌ಗಳಲ್ಲಿ ಅದು ಪ್ಲಾಟಿನಂ ಸೆನ್ಸರ್, ಪಿಟಿ 1000 ಅನ್ನುತ್ತಾರೆ. 0 ಡಿಗ್ರಿಯಲ್ಲಿ ಕರೆಂಟಿಗೆ ಅದರ ತಡೆ 1,000 ಓಮ್ ಇರುತ್ತದೆ. ಒಂದು ಡಿಗ್ರಿಗೆ ಸುಮಾರು 3.9 ಓಮ್ ಏರುತ್ತಾ ಹೋಗುತ್ತದೆ. ಕೋಣೆಯಲ್ಲಿ 25 ಡಿಗ್ರಿ ಇದ್ದರೆ 1,097ರ ಹತ್ತಿರ ಬರಬೇಕು. ಬೇರೆ ಥರದ ಸೆನ್ಸರ್ ಹಾಕಿರುವ ಓವನ್‌ಗಳೂ ಇವೆ, ಅದಕ್ಕೆ ಓವನ್ ಜೊತೆ ಬಂದ ಪುಸ್ತಕ ನೋಡಿಕೊಳ್ಳಿ.

ಕಾಯಿಲ್ಲಿನ ಒಂದು ತಂತಿ ಬಿಡಿಸಿ ಎರಡು ತುದಿ ಅಳೆಯಿರಿ. 230 ವೋಲ್ಟಿನ 1,200 ವಾಟ್ ಕಾಯಿಲ್ 44 ಓಮ್ ಸುತ್ತಮುತ್ತ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಕನೆಕ್ಟರ್‌ಗಳ ಪ್ಲಾಸ್ಟಿಕ್ ಕಂದಾಗಿದೆಯಾ, ಸಡಿಲ ಆಗಿದೆಯಾ ನೋಡಿ. ಕೊನೆಗೆ ತಂಪು ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ. ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಸುತ್ತಬೇಕು.

ಹೊಸಒಲೆ

ನನ್ನದು ಗ್ಯಾಸ್ ಓವನ್. ಇವರದನ್ನು ಓದಿ ನಾನೂ ಬರೆದುಕೊಂಡೆ. 180 ಇಟ್ಟರೆ 195ಕ್ಕೆ ಹೋಗುತ್ತದೆ, ಆಮೇಲೆ 145ರವರೆಗೆ ಇಳಿದ ಮೇಲೇ ಮತ್ತೆ ಬೆಂಕಿ ಹತ್ತುತ್ತದೆ. ಹತ್ತುವ ಮೊದಲು ಒಳಗಿನ ಕಡ್ಡಿ ಬಹಳ ಹೊತ್ತು ಕೆಂಪಗಿರುತ್ತದೆ. ಸ್ವಲ್ಪ ಗ್ಯಾಸ್ ವಾಸನೆ, ಆಮೇಲೆ ಭುಸ್ ಅಂತ ಹತ್ತುತ್ತದೆ.

ತಾಮ್ರತಂತಿ

ನಿಮ್ಮದು ಬೇರೆ ಕಥೆ, ಆದರೆ ಗೊತ್ತಿರುವ ಕಥೆ. ಆ ಕೆಂಪಗಾಗುವ ಕಡ್ಡಿಗೆ ಇಗ್ನೈಟರ್ ಅನ್ನುತ್ತಾರೆ. ಅದಕ್ಕೆ ಎರಡು ಕೆಲಸ. ಒಂದು ಗ್ಯಾಸ್ ಹಚ್ಚುವುದು. ಇನ್ನೊಂದು, ತನ್ನ ಮೂಲಕ ಹರಿಯುವ ಕರೆಂಟಿನಿಂದ ಗ್ಯಾಸ್ ವಾಲ್ವ್ ತೆರೆಸುವುದು. ಎರಡೂ ಒಂದೇ ದಾರಿಯಲ್ಲಿ ಸೇರಿಕೊಂಡಿವೆ. ಇಗ್ನೈಟರ್ ಹಳೆಯದಾದರೆ ಕೆಂಪಗೇನೋ ಕಾಣುತ್ತದೆ, ಆದರೆ ಎಳೆಯುವ ಕರೆಂಟ್ ಕಡಿಮೆಯಾಗಿ ವಾಲ್ವ್ ತಡವಾಗಿ, ಅರೆಮನಸ್ಸಿನಿಂದ ತೆರೆಯುತ್ತದೆ. ಅಷ್ಟರಲ್ಲಿ ಓವನ್ ತಣ್ಣಗಾಗಿರುತ್ತದೆ. ಕೆಂಪಗಾಗುತ್ತಿದೆಯಲ್ಲ, ಇಗ್ನೈಟರ್ ಸರಿಯಿದೆ ಅಂದುಕೊಂಡು ಥರ್ಮೋಸ್ಟಾಟ್ ಬದಲಿಸಿದವರನ್ನು ಎಷ್ಟೋ ಸಲ ನೋಡಿದ್ದೇನೆ.

ಗಡಿಯಾರ ಹಿಡಿದು ಕೂರಿ. ಕೆಂಪಗಾದದ್ದರಿಂದ ಬೆಂಕಿ ಹತ್ತುವವರೆಗೆ 90 ಸೆಕೆಂಡಿಗಿಂತ ಜಾಸ್ತಿ ಆದರೆ ಇಗ್ನೈಟರ್ ಮೇಲೇ ಅನುಮಾನ. ನಿಮಗೆ ವಾಸನೆ, ಭುಸ್ ಸದ್ದು ಎರಡೂ ಬರುತ್ತಿರುವುದರಿಂದ ಬಳಸುವುದನ್ನು ನಿಲ್ಲಿಸಿ, ಗ್ಯಾಸ್ ಕೆಲಸ ಕಲಿತವರನ್ನೇ ಕರೆಸಿ. ಜೋಡಣೆಗಳಲ್ಲಿ ಸೋರಿಕೆ ನೋಡುವುದಾದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಬೇಕು. ಕಡ್ಡಿ ಗೀರಿ ನೋಡಬಾರದು, ಯಾವತ್ತೂ.

ಅಳತೆಪಟ್ಟಿ

ಕೆಲಸ ನಡೆಯುತ್ತಿರುವಾಗ ಒಂದು ವಿಷಯ ಹಂಚಿಕೊಳ್ಳುತ್ತೇನೆ. 17ನೇ ಶತಮಾನದ ಮೊದಲ ಭಾಗದಲ್ಲಿ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ ಸಂಶೋಧಕ ತಾನಾಗೇ ಕಾವು ಕಾಯ್ದುಕೊಳ್ಳುವ ಒಲೆ ಮಾಡಿದ. ಕಾವು ಏರಿದರೆ ಒಳಗಿನ ದ್ರವ ಹಿಗ್ಗಿ, ಪಾದರಸವನ್ನು ತಳ್ಳಿ, ಬೆಂಕಿಗೆ ಗಾಳಿ ಹೋಗುವ ಕಿಂಡಿಯನ್ನು ಮುಚ್ಚುತ್ತಿತ್ತು. ಇಳಿದರೆ ತೆರೆಯುತ್ತಿತ್ತು. ಪುಟ್ಟಓಟಿಜಿ ಅವರ ಕಡ್ಡಿಯೊಳಗಿನ ದ್ರವ ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ. ಆ ಕಾಲದಿಂದಲೂ ಅಳತೆಗೂ ಬೆಂಕಿಗೂ ನಡುವೆ ಸ್ವಲ್ಪ ತಡ ಇದ್ದೇ ಇದೆ. ಆ ತಡವೇ ಏರಿಳಿತ. ನನಗೆ ಇದನ್ನು ಯೋಚಿಸಿದಾಗೆಲ್ಲ ಖುಷಿಯಾಗುತ್ತದೆ.

ಮನೆಬ್ರೆಡ್

ತಮ್ಮನಿಗೆ ಮಲ್ಟಿಮೀಟರ್ ಗೊತ್ತು, ಅವನನ್ನು ಕರೆಸಿಕೊಂಡೆ. ಸ್ವಿಚ್ ಆಫ್ ಮಾಡಿ, ಓವನ್ ಈಚೆಗೆ ತೆಗೆದೆವು.

ಸೆನ್ಸರ್ 1,103 ಓಮ್, ಕೋಣೆಯಲ್ಲಿ 26 ಡಿಗ್ರಿ. ಕೆಳಗಿನ ಕಾಯಿಲ್ 45 ಓಮ್. ಮೇಲಿನದೂ ಸರಿ. ಕನೆಕ್ಟರ್‌ಗಳು ಸ್ವಚ್ಛವಾಗಿವೆ. ಬಾಗಿಲಿನ ಗ್ಯಾಸ್ಕೆಟ್ (ಬಿಸಿ ಗಾಳಿ ಸೋರದಂತೆ ಸುತ್ತಲೂ ಇರುವ ಪಟ್ಟಿ) ಸಹ ನೋಡಿದೆ: ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದರೆ ಸುತ್ತಲೂ ಬಿಗಿ ಇದೆ. ಎಡ ಮೂಲೆಯಲ್ಲಿ ಒಂದು ಕಡೆ ಸಡಿಲ, ಅಲ್ಲಿ ಕೊಕ್ಕೆ ಕಳಚಿತ್ತು, ಹಾಕಿದೆ.

ತಂಪು ಫ್ಯಾನ್ ಮಾತ್ರ ತಿರುಗುತ್ತಲೇ ಇಲ್ಲ. ಅದರ ಮೇಲೆ ಜಿಡ್ಡು, ಧೂಳು ಸೇರಿ ಕಂಬಳಿಯ ಹಾಗೆ ಕೂತಿತ್ತು. ಬಟ್ಟೆಯಿಂದ ಒರೆಸಿ ತೆಗೆದೆವು. ಆದರೂ ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೆ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಬಿಡಲಾ?

ತಾಮ್ರತಂತಿ

ಎಣ್ಣೆ ಬೇಡ ಅಕ್ಕಾ. ಆ ಜಾಗದ ಕಾವಿಗೆ ಎಣ್ಣೆ ಒಣಗಿ ಗೋಂದಾಗುತ್ತದೆ, ಎರಡು ವಾರ ಓಡಿ ಮತ್ತೆ ನಿಲ್ಲುತ್ತದೆ. ಬೇರಿಂಗ್ ಸವೆದಿದೆ. ಫ್ಯಾನ್ ಮೋಟಾರನ್ನೇ ಬದಲಿಸಿ. ಓವನ್ನಿನ ಮಾಡೆಲ್ ನಂಬರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಅದನ್ನು ಕೊಟ್ಟೇ ಕೇಳಿ, ರೆಕ್ಕೆಯ ಅಳತೆ, ತಿರುಗುವ ದಿಕ್ಕು ಬೇರೆ ಬೇರೆ ಇರುತ್ತವೆ. ಹಾಕುವವರ ಹತ್ತಿರ ಕಟ್‌ಔಟ್ ಕೂಡ ಬದಲಿಸಲು ಹೇಳಿ. ಅದು ಎರಡು ತಿಂಗಳು ದಿನಕ್ಕೆ ಎಷ್ಟು ಸಲ ಬಿದ್ದು ಎದ್ದಿದೆಯೋ. ಚಿಕ್ಕ ಪಾರ್ಟ್, ಮತ್ತೆ ಓವನ್ ಎಳೆಯುವ ಕಷ್ಟ ತಪ್ಪುತ್ತದೆ.

ಕಪಾಟಿನ ಹಿಂದೆ ಗಾಳಿಯಾಡಲು ಜಾಗ ಇದೆಯಾ ಅಂತಲೂ ನೋಡಿ. ಅಲ್ಲಿ ಸಾಮಾನು ತುರುಕಿದ್ದರೆ ಹೊಸ ಫ್ಯಾನೂ ಸೋಲುತ್ತದೆ.

ಕಾವುಕಾಯುವವರು

ಹೊಸದಾಗಿ ಸೇರಿದ್ದೇನೆ. ನನ್ನ ಓವನ್ ಇದರ ಉಲ್ಟಾ. 180 ಇಟ್ಟರೆ ನಿಲ್ಲುವುದೇ ಇಲ್ಲ. ನಿನ್ನೆ 260 ತೋರಿಸಿತು, ಡಿಸ್‌ಪ್ಲೇಯಲ್ಲಿ ಆಫ್ ಮಾಡಿದರೂ ಕಾಯಿಲ್ ಕೆಂಪಗೇ ಇತ್ತು.

ತಾಮ್ರತಂತಿ

ಪ್ಲಗ್ ಕಿತ್ತು ಹಾಗೇ ಬಿಡಿ. ಇನ್ನೊಂದು ಸಲ ಪರೀಕ್ಷೆ ಮಾಡುವುದೂ ಬೇಡ. ರಿಲೇಯ ಕಾಂಟ್ಯಾಕ್ಟ್ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡರೆ ಹೀಗಾಗುತ್ತದೆ. ಬಟನ್ ಒತ್ತಿದರೆ ಅದು ಬಿಡುವುದಿಲ್ಲ. ಇಲ್ಲಿ ರಿಲೇ ಅಥವಾ ಬೋರ್ಡ್ ಬದಲಿಸಲೇಬೇಕು. ಮನೆಬ್ರೆಡ್ ಅವರಿಗೆ ಬೋರ್ಡ್ ಬೇಡ ಅಂದೆ, ನಿಮಗೆ ಬೇಕು ಅನ್ನುತ್ತಿದ್ದೇನೆ. ಇಬ್ಬರ ಓವನ್ನೂ ತೋರಿಸುತ್ತಿರುವ ಗುರುತು ಬೇರೆ.

ಹೊಸಒಲೆ

ಗ್ಯಾಸ್ ಕೆಲಸದವರು ಬಂದು ನೋಡಿದರು. ಹತ್ತಲು 100 ಸೆಕೆಂಡಿನ ಮೇಲೆ ಹಿಡಿಯುತ್ತಿತ್ತು. ಇಗ್ನೈಟರ್ ಬದಲಿಸಿದ ಮೇಲೆ 40 ಸೆಕೆಂಡಿಗೆ ಹತ್ತುತ್ತಿದೆ. ವಾಸನೆ ಇಲ್ಲ, ಸದ್ದೂ ಇಲ್ಲ. ಈಗ 170ರಿಂದ 195.

ಹಿಟ್ಟುಕೈ

170ರಿಂದ 195 ಕೂಡ ಸ್ವಲ್ಪ ಅಗಲವೇ. ನಿಮ್ಮಲ್ಲಿ ದಪ್ಪ ಬೇಕಿಂಗ್ ಕಲ್ಲು ಇದ್ದರೆ ಕೆಳಗಿನ ಹಂತದಲ್ಲಿ ಇಟ್ಟೇ ಕಾಯಿಸಿ. ಅದು ಕಾಯಲು ಹೊತ್ತು ತೆಗೆದುಕೊಳ್ಳುತ್ತದೆ, ಒಮ್ಮೆ ಕಾದರೆ ಕಾವು ಬೇಗ ಬಿಡುವುದಿಲ್ಲ. ಬಾಗಿಲು ತೆರೆದರೂ ಕುಸಿತ ಕಡಿಮೆ. ಕಲ್ಲು ತಳಕ್ಕೆ ತಾಗಬಾರದು, ಸುತ್ತ ಎರಡು ಬೆರಳಷ್ಟು ಜಾಗ ಬಿಡಿ. ಇಡೀ ಹಂತ ಮುಚ್ಚುವ ದೊಡ್ಡ ಟ್ರೇ ಇಟ್ಟರೂ ಗಾಳಿ ಓಡಾಡುವುದಿಲ್ಲ, ಮೇಲೊಂದು ಕಾವು, ಕೆಳಗೊಂದು ಕಾವು ಆಗುತ್ತದೆ.

ಬ್ರೆಡ್ ಆಯಿತಾ ಅಂತ ನೋಡಲು ಗಡಿಯಾರಕ್ಕಿಂತ ಪ್ರೋಬ್ ಮೇಲು. ನಡುವಿಗೆ ಚುಚ್ಚಿದಾಗ 95 ಡಿಗ್ರಿ ಸುತ್ತ ಬಂದರೆ ಒಳಗೂ ಬೆಂದಿದೆ.

ಮನೆಬ್ರೆಡ್

ಫ್ಯಾನ್ ಮೋಟಾರ್, ಕಟ್‌ಔಟ್ ಎರಡೂ ಹೊಸದು ಹಾಕಿಸಿದೆ. ಕಪಾಟಿನ ಹಿಂದೆ ಹಳೆಯ ರಟ್ಟಿನ ಪೆಟ್ಟಿಗೆ ಇಟ್ಟಿದ್ದೆ, ಅದನ್ನೂ ತೆಗೆದೆ. ನಿನ್ನೆ ಮತ್ತೆ ಪೆನ್ನು ಕಾಗದ ಹಿಡಿದು ಕೂತೆ, ಈ ಸಲ 90 ನಿಮಿಷ. ಅತಿ ಕಡಿಮೆ 169, ಅತಿ ಜಾಸ್ತಿ 192. ಮೊದಲ ಸುತ್ತೂ ಕೊನೆಯ ಸುತ್ತೂ ಒಂದೇ ಥರ. ಸರಾಸರಿ 180ರ ಪಕ್ಕದಲ್ಲೇ ಇದೆ.

ನನ್ನ ಓವನ್ ಪುಸ್ತಕದಲ್ಲಿ ಅಂಕಿಯನ್ನು 20 ಡಿಗ್ರಿವರೆಗೆ ಮೇಲೆ ಕೆಳಗೆ ಸರಿಪಡಿಸುವ ಸೆಟ್ಟಿಂಗ್ ಇದೆ ಎಂದಿದೆ. ಅದನ್ನು ಮುಟ್ಟಬೇಕಾ?

ತಾಮ್ರತಂತಿ

ಮುಟ್ಟಬೇಡಿ. ಅದು ಸರಾಸರಿಯೇ ತಪ್ಪಿದಾಗ ಬಳಸುವುದು. ನಿಮ್ಮದು ಸರಿಯಿದೆ. ಫ್ಯಾನ್ ಮೋಡಿನಲ್ಲಿ ಮಾಡುವಾಗ ಮಾತ್ರ ಪಾಕವಿಧಾನದಲ್ಲಿ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡಿ. ಆರಿಸಿದ ಮೇಲೆ ತಂಪು ಫ್ಯಾನ್ ಓಡುತ್ತಿದೆಯಾ ಅಂತ ಆಗಾಗ ಕಿವಿಗೊಟ್ಟು ಕೇಳಿ.

ಮನೆಬ್ರೆಡ್

ಇವತ್ತು ಕೇಕ್ ಮಾಡಿದೆ. 42 ನಿಮಿಷ. ನಡುವೆ ಕುಸಿಯಲಿಲ್ಲ, ಕೊಯ್ದರೆ ತಳದವರೆಗೂ ಒಂದೇ ಹದ. ಓವನ್ ಆರಿಸಿ ಅಡುಗೆಮನೆಯಲ್ಲೇ ನಿಂತಿದ್ದೆ. ಫ್ಯಾನ್ 18 ನಿಮಿಷ ಓಡಿ ತಾನಾಗೇ ನಿಂತಿತು. ಪಕ್ಕದ ಡ್ರಾಯರ್ ತೆಗೆದು ಕೈ ಹಾಕಿ ನೋಡಿದೆ, ತಣ್ಣಗಿತ್ತು.